ಗ್ಯಾದರಿಂಗ್ ಸೀಜನ್ ಮುಗಿದ ಮೇಲೆ

ನಮ್ಮ ಕಡೆ ಸೀಜನ್ ಎಂದರೆ ಮೊದಲು ನೆನಪಾಗುವುದು ಕಬ್ಬು. ದೀಪಾವಳಿ ಹೊತ್ತಿಗೆ ಉಗಾರ, ಅಥಣಿ, ರಾಯಬಾಗ, ಚಿಕ್ಕೋಡಿ ಸುತ್ತಲಿನ ಸಕ್ಕರೆ ಕಾರ್ಖಾನೆಗಳು ಹೊಗೆ ಬಿಡಲು ಶುರು ಮಾಡುತ್ತವೆ. ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು. ನಿಪ್ಪಾಣಿ ಕಡೆಯವರಿಗೆ ತಂಬಾಕಿನ ಸೀಜನ್ ಬೇರೆ. ಇವೆರಡರ ಜೊತೆ ಮೂರನೆಯ ಸೀಜನ್ ಒಂದಿದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಗ್ಯಾದರಿಂಗ್ ಸೀಜನ್.

ಬೆಂಗಳೂರು ಕಡೆಯವರು ವಾರ್ಷಿಕೋತ್ಸವ ಎನ್ನುವುದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕಿನಲ್ಲಿ ನಾವು ಗ್ಯಾದರಿಂಗ್ ಎನ್ನುತ್ತೇವೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ದಿನಕ್ಕೊಂದು ಊರಲ್ಲಿ ಶಾಮಿಯಾನ ಏಳುತ್ತದೆ. ಒಂದೇ ವೇದಿಕೆ ಮೇಲೆ ಕನ್ನಡ ಜಾನಪದ, ಮರಾಠಿ ಲಾವಣಿ, ಹಿಂದಿ ದೇಶಭಕ್ತಿ ಗೀತೆ, ಕೊನೆಗೆ ‘ಸೈರಾಟ್’ ಸಿನಿಮಾದ ‘ಝಿಂಗಾಟ್’. ಆ ಸಿನಿಮಾ ಬಂದದ್ದು 2016ರಲ್ಲಿ. ಆ ಹಾಡಿಲ್ಲದೆ ಮುಗಿದ ಗ್ಯಾದರಿಂಗ್ ನಾನು ನೋಡಿದ್ದು ಕಡಿಮೆ.

ನಾನು ಈ ಸೀಜನ್ನಿನ ಕೆಲಸಗಾರ. ಬಿ.ಕಾಂ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಜೊತೆಗೆ ಮೂರು ಚಳಿಗಾಲದಿಂದ ಶಾಲೆ, ಕಾಲೇಜುಗಳಿಗೆ ಹೋಗಿ ಡಾನ್ಸ್ ಕಲಿಸುತ್ತಿದ್ದೇನೆ. ಒಂದು ಹಾಡಿಗೆ 1,500 ರೂಪಾಯಿ. ಹೋದ ಚಳಿಗಾಲದಲ್ಲಿ 24 ಹಾಡು ಸಿಕ್ಕವು, ಅಂದರೆ 36,000 ರೂಪಾಯಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಕುಣಿತದಿಂದ ಬರುವುದು ಏನೂ ಇಲ್ಲ. ನನ್ನಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಒಬ್ಬ ಮೊಬೈಲ್ ಅಂಗಡಿಯಲ್ಲಿದ್ದಾನೆ, ಒಬ್ಬ ಪೊಲೀಸ್ ಭರ್ತಿಗೆ ಓಡುತ್ತಿದ್ದಾನೆ, ಒಬ್ಬಳು ಬಿ.ಇಡಿ. ಮಾಡುತ್ತಿದ್ದಾಳೆ.

ನನ್ನನ್ನು ಹಣದ ಚಿಂತೆಗಿಂತ ಹೆಚ್ಚು ಕಾಡುವುದು ಇನ್ನೊಂದು ಲೆಕ್ಕ. ಆ 24 ಹಾಡುಗಳಿಗೆ ಒಂದೊಂದಕ್ಕೆ ಕನಿಷ್ಠ ಎಂಟು ದಿನ ತಾಲೀಮು ಮಾಡಿಸಿದ್ದೆವು. ಪ್ರತಿಯೊಂದೂ ವೇದಿಕೆ ಮೇಲೆ ನಾಲ್ಕೈದು ನಿಮಿಷ ನಡೆದು, ಚಪ್ಪಾಳೆ ಬಿದ್ದು, ಅಲ್ಲಿಗೇ ಮುಗಿಯಿತು. ಒಂದಕ್ಕೂ ಎರಡನೇ ಪ್ರಯೋಗ ಇರಲಿಲ್ಲ.

ಒಂದು ರಾತ್ರಿಯಿಂದ ಐದು ವಾರಕ್ಕೆ

ಕುಣಿತವನ್ನೇ ನಂಬಿ ಬದುಕುವವರು ಎಲ್ಲಾದರೂ ಇದ್ದಾರಾ, ಅವರು ವರ್ಷವಿಡೀ ಏನು ಮಾಡುತ್ತಾರೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ನ್ಯೂಯಾರ್ಕಿನ ಆಲ್ವಿನ್ ಏಲಿ ಅವರ ಕಂಪನಿ. ಅವರ ಬಾಯಲ್ಲೂ ಅದೇ ಪದ: ಸೀಜನ್.

ಆಲ್ವಿನ್ ಏಲಿ 1931ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ, ಬಡ ಕಪ್ಪುವರ್ಣೀಯರ ಮನೆಯಲ್ಲಿ ಹುಟ್ಟಿದವರು. ತಾಯಿ ಹೊಲಗಳಲ್ಲಿ ಹತ್ತಿ ಬಿಡಿಸುವ ಕೂಲಿ ಮಾಡುತ್ತಿದ್ದರು. 1958ರ ಮಾರ್ಚ್ 30ರಂದು ಕೆಲವು ಗೆಳೆಯರನ್ನು ಕೂಡಿಸಿಕೊಂಡು ನ್ಯೂಯಾರ್ಕಿನಲ್ಲಿ ಅವರು ಮೊದಲ ಪ್ರದರ್ಶನ ಕೊಟ್ಟರು. ಅದು ನಮ್ಮ ಗ್ಯಾದರಿಂಗ್‌ನ ಹಾಗೆ ಒಂದೇ ರಾತ್ರಿಯದು. ಎರಡು ವರ್ಷದ ನಂತರ, 1960ರಲ್ಲಿ, ಚಿಕ್ಕಂದಿನ ಚರ್ಚಿನ ಹಾಡುಗಳನ್ನೂ ಊರಿನ ನೆನಪುಗಳನ್ನೂ ಇಟ್ಟುಕೊಂಡು ‘ರೆವೆಲೇಶನ್ಸ್’ ಎಂಬ ನೃತ್ಯ ಕಟ್ಟಿದರು. ಅದು ಸುಮಾರು 36 ನಿಮಿಷದ್ದು. ಅದರಲ್ಲಿ ದೀಕ್ಷಾಸ್ನಾನದ ಒಂದು ಭಾಗ ಇದೆ. ವೇದಿಕೆಯ ಆಚೆ ಈಚೆ ಉದ್ದನೆಯ ಬಟ್ಟೆ ಎಳೆದು ಅಲುಗಾಡಿಸುತ್ತಾರೆ. ಅದೇ ಹೊಳೆ.

ಇವತ್ತು ಆ ಕಂಪನಿಯಲ್ಲಿ ಸುಮಾರು 30 ನರ್ತಕರಿದ್ದಾರೆ. ವರ್ಷದ ಹಲವು ತಿಂಗಳು ಊರೂರು, ದೇಶ ದೇಶ ತಿರುಗುತ್ತಾರೆ. ಡಿಸೆಂಬರ್ ಬಂದರೆ ನ್ಯೂಯಾರ್ಕಿನ ಸಿಟಿ ಸೆಂಟರ್ ರಂಗಮಂದಿರಕ್ಕೆ ಮರಳಿ, ಸುಮಾರು ಐದು ವಾರ ಅಲ್ಲೇ ಕುಣಿಯುತ್ತಾರೆ. ಅಲ್ಲಿ ಸುಮಾರು 2,250 ಆಸನಗಳಿವೆ. 1971ರಲ್ಲಿ ಆ ರಂಗಮಂದಿರದ ನಂಟು ಶುರುವಾಯಿತು. ಏಲಿ 1989ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದ ಜುಡಿತ್ ಜೇಮಿಸನ್ ಎರಡು ದಶಕ ಕಂಪನಿ ನಡೆಸಿ, 2024ರಲ್ಲಿ ತೀರಿಕೊಂಡರು. ಕಟ್ಟಿದವರು ಹೋದರೂ ಡಿಸೆಂಬರ್ ಸೀಜನ್ ಹೋಗಲಿಲ್ಲ. 1960ರ ಆ ನೃತ್ಯವನ್ನು ಇವತ್ತಿಗೂ ಆಡುತ್ತಾರೆ. ಅಜ್ಜಿಯ ಜೊತೆ ಬಂದಿದ್ದ ಮಗು ಮುಂದೆ ತನ್ನ ಮಗುವನ್ನು ಕರೆತರುವಷ್ಟು ಕಾಲ ಅದು ನಡೆದಿದೆ.

ಅಲ್ಲಿನ ದುಡ್ಡು ಬೇರೆ, ದೇಶ ಬೇರೆ ಎನ್ನುವುದು ನನಗೂ ಗೊತ್ತು. ಆದರೆ ಆ ಕಟ್ಟಡದ ಕಥೆ ಕೇಳಿ. 1923ರಲ್ಲಿ ಅದನ್ನು ಕಟ್ಟಿದ್ದು ಒಂದು ಸಂಘದವರ ಸಭಾಭವನವಾಗಿ, ನೃತ್ಯಕ್ಕಾಗಿ ಕಟ್ಟಿದ್ದಲ್ಲ. ತೆರಿಗೆ ಬಾಕಿ ಉಳಿದು ಕಟ್ಟಡ ನಗರಾಡಳಿತದ ಕೈಗೆ ಬಂತು. ಕೆಡವುವ ಬದಲು 1943ರಲ್ಲಿ ಮೇಯರ್ ಲಗಾರ್ಡಿಯಾ ಅದನ್ನು ಕಡಿಮೆ ಟಿಕೆಟ್ಟಿನ ಜನರ ರಂಗಮಂದಿರ ಮಾಡಿದರು. ಅಂದರೆ ಇದ್ದ ಹಾಲ್ ಒಂದಕ್ಕೆ ಹೊಸ ಕೆಲಸ ಕೊಟ್ಟರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲೂ ಇತ್ತಲ್ಲ

ಎರಡನೇ ಪ್ರಯೋಗ ಎನ್ನುವುದು ನಮಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ನಮ್ಮ ಭಾಗದ್ದೇ. ಗೋಕಾಕ ಕಡೆಯ ಕುಲಗೋಡದ ತಮ್ಮಣ್ಣ ಅದನ್ನು ರಂಗಕ್ಕೆ ಒಗ್ಗಿಸಿದವರು. ಆಮೇಲೆ ಎಷ್ಟೋ ಮೇಳಗಳು ಅದೇ ಕಥೆ ಹಿಡಿದು ರಾಯಬಾಗ, ಅಥಣಿ, ಜಮಖಂಡಿ, ಮುಧೋಳ ತಿರುಗಿದವು. ನಾರದ ತಂದ ಹೂವು ರುಕ್ಮಿಣಿಗೆ ಸಿಕ್ಕಿತೆಂದು ಸತ್ಯಭಾಮೆ ಮುನಿಯುವುದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಜನ ಬೆಳತನಕ ಕೂರುತ್ತಿದ್ದರು. ಹೋದ ವರ್ಷದ ಸತ್ಯಭಾಮೆಗಿಂತ ಈ ವರ್ಷದವಳು ಹೇಗೆ, ದೂತಿಯ ಮಾತು ಎಷ್ಟು ಚುರುಕು ಎಂದು ತೂಗಿ ನೋಡುತ್ತಿದ್ದರು. ಹೆಣ್ಣುಮಕ್ಕಳು ರಂಗ ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಈ ಆಟದಿಂದ ಹೆಸರಾದರು. ಒಂದೇ ರಾತ್ರಿಯಲ್ಲಿ ಅಂಥ ಹೆಸರು ಬರುವುದಿಲ್ಲ. ಅದೇ ಪಾತ್ರವನ್ನು ಊರೂರಿನಲ್ಲಿ, ವರ್ಷ ವರ್ಷ ಆಡಿದ ಮೇಲೆ ಬರುತ್ತದೆ.

ಆ ಮೇಳಗಳಿಗೆ ಸೀಜನ್ ಇತ್ತು. ಸುಗ್ಗಿ ಕೈಗೆ ಬಂದ ಮೇಲೆ ಶುರುವಾಗಿ, ಮಳೆ ಹಿಡಿಯುವವರೆಗೆ ಜಾತ್ರೆಯಿಂದ ಜಾತ್ರೆಗೆ ಆಟ. ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ನಾಟಕ ಕಂಪನಿಗಳು ಪ್ರತಿ ವರ್ಷ ಟೆಂಟ್ ಹಾಕಿ ಕ್ಯಾಂಪ್ ಮಾಡುತ್ತವೆ. ಬನದ ಹುಣ್ಣಿಮೆಗೆ ಅಲ್ಲಿ ನಾಟಕ ಇರುತ್ತದೆ ಎಂದು ಪ್ರೇಕ್ಷಕನಿಗೂ ಗೊತ್ತು, ಪ್ರೇಕ್ಷಕ ಬರುತ್ತಾನೆ ಎಂದು ಕಂಪನಿಗೂ ಗೊತ್ತು. ಈ ಎರಡು ಖಾತ್ರಿಗಳ ಮೇಲೆ ಕಲಾವಿದರ ಊಟ ನಿಂತಿದೆ.

ಗಡಿ ಆಚೆಯ ಒಂದು ಕಥೆ ನನಗೆ ಇನ್ನೂ ಹತ್ತಿರ. ಕಾಗವಾಡದಿಂದ ಮಿರಜ ದಾಟಿದರೆ ಸಾಂಗಲಿ. 1842ರ ಸುಮಾರಿಗೆ ಕರ್ನಾಟಕದ ಭಾಗವತರ ಮೇಳವೊಂದು ಅಲ್ಲಿಗೆ ಹೋಗಿ ಕುಣಿತದ ಆಟ ತೋರಿಸಿತು. ಅದನ್ನು ನೋಡಿದ ಸಂಸ್ಥಾನದ ಅರಸ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲೂ ಅಂಥದ್ದೊಂದು ಬೇಕೆಂದು ವಿಷ್ಣುದಾಸ ಭಾವೆ ಅವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ಆಯಿತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಪ್ರತಿ ವರ್ಷ ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನ ಎಂದು ಆಚರಿಸುತ್ತಾರೆ. ಅದೇ ದಿನ ಸಾಂಗಲಿಯಲ್ಲಿ ಭಾವೆ ಅವರ ಹೆಸರಿನ ಪದಕ ಕೊಡುತ್ತಾರೆ. ದಾರಿ ತೋರಿಸಿದ ಮೇಳ ನಮ್ಮ ರಾಜ್ಯದ್ದು. ದಿನಾಂಕ ಇಟ್ಟುಕೊಂಡವರು ಅವರು.

ಜಾಗಕ್ಕೆ ಎಷ್ಟು ಬೆಲೆ ಎನ್ನುವುದಕ್ಕೂ ಹತ್ತಿರದ ಉದಾಹರಣೆ ಇದೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಒಂದು ತಾಸಿನೊಳಗೆ ಕೊಲ್ಹಾಪುರ. ಅಲ್ಲಿ ಶಾಹೂ ಮಹಾರಾಜರು 1915ರಲ್ಲಿ ಕಟ್ಟಿ ಮುಗಿಸಿದ ರಂಗಮಂದಿರಕ್ಕೆ ನಟ ಕೇಶವರಾವ ಭೋಸಲೆ ಅವರ ಹೆಸರಿದೆ. ಈ ಭೋಸಲೆ ಅವರು 1908ರಲ್ಲಿ ‘ಲಲಿತಕಲಾದರ್ಶ’ ಎಂಬ ನಾಟಕ ಮಂಡಳಿ ಕಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. 2024ರ ಆಗಸ್ಟ್ 8ರ ರಾತ್ರಿ ಆ ರಂಗಮಂದಿರ ಬೆಂಕಿಗೆ ಆಹುತಿಯಾಯಿತು. ಮರುದಿನ ಅವರ ಜಯಂತಿ ಇತ್ತು. ಸುಟ್ಟ ಗೋಡೆಯ ಮುಂದೆ ನಿಂತು ಕಲಾವಿದರು ಅತ್ತರು. ಆ ಸುದ್ದಿ ನೋಡುತ್ತ ನನಗೆ ಅನಿಸಿದ್ದು ಇಷ್ಟೇ: ಸುಟ್ಟರೆ ಹೀಗೆ ಅಳುವಂಥ ಒಂದು ವೇದಿಕೆ ನಮ್ಮ ಐದು ತಾಲ್ಲೂಕಿನ ಕುಣಿಯುವವರಿಗೆ ಯಾವುದು?

ಬೆಳಗಾವಿಯಲ್ಲಿ ಕುಮಾರ ಗಂಧರ್ವ ರಂಗಮಂದಿರ ಇದೆ. ಆದರೆ ಅಥಣಿಯ ಹುಡುಗಿ ಸಂಜೆ ಅಲ್ಲಿ ಕುಣಿದು ಅದೇ ರಾತ್ರಿ ಬಸ್ಸಿನಲ್ಲಿ ಮನೆಗೆ ಬರುವುದು ಆಗದ ಮಾತು. ನಾವು ಕುಣಿಯುವುದು ಬ್ಯಾರೆಲ್ ಮೇಲೆ ಹಲಗೆ ಜೋಡಿಸಿದ ವೇದಿಕೆಯಲ್ಲಿ, ಇಲ್ಲವೇ ಸಿಮೆಂಟ್ ಕಟ್ಟೆಯ ಮೇಲೆ. ನೃತ್ಯದ ನೆಲ ಎಂದರೆ ಕೆಳಗೆ ಸ್ವಲ್ಪ ಪುಟಿಯುವ ಮರದ ಹಾಸು ಇರಬೇಕು. ಜಿಗಿದು ಇಳಿದಾಗಿನ ಪೆಟ್ಟನ್ನು ಅದು ನುಂಗುತ್ತದೆ. ಸಿಮೆಂಟಿನ ಮೇಲೆ ಆ ಪೆಟ್ಟು ನೇರ ಮೊಣಕಾಲಿಗೆ. ಸೀಜನ್ ಮುಗಿದ ಮೇಲೆ ನಮ್ಮ ಗುಂಪಿನಲ್ಲಿ ಕಾಲು ನೋವಿಲ್ಲದವರು ಯಾರೂ ಇರುವುದಿಲ್ಲ.

ರಾಜ್ಯದಲ್ಲಿ ಯಾರು ಹೇಗೆ ನಡೆಸಿದ್ದಾರೆ

ಕರ್ನಾಟಕದಲ್ಲೇ ಕೆಲವರು ಈ ಲೆಕ್ಕವನ್ನು ಬೇರೆ ಬೇರೆ ರೀತಿ ಬಿಡಿಸಿದ್ದಾರೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಕಲಿತು ಹೊರಬಂದವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ 1985ರಲ್ಲಿ ‘ತಿರುಗಾಟ’ ಶುರುವಾಯಿತು. ಮಳೆಗಾಲದಲ್ಲಿ ನಾಟಕ ಕಟ್ಟಿ, ಮಳೆ ಕಳೆದ ಮೇಲೆ ಅದೇ ನಾಟಕಗಳನ್ನು ರಾಜ್ಯದ ಊರೂರಿಗೆ ಒಯ್ಯುತ್ತಾರೆ. ನಟರಿಗೆ ಅಷ್ಟು ತಿಂಗಳು ಊಟ, ವಸತಿ, ಸಂಬಳ ಇರುತ್ತದೆ. ಅದು ನಾಟಕ, ನಮ್ಮದು ನೃತ್ಯ. ಆದರೆ ಒಂದೇ ಪ್ರಯೋಗವನ್ನು ಹತ್ತಾರು ಸಲ ಆಡಿ ಬದುಕುವ ಲೆಕ್ಕ ಎರಡಕ್ಕೂ ಒಂದೇ.

ಆಧುನಿಕ ನೃತ್ಯದಲ್ಲಿ ಬೆಂಗಳೂರಿನ ಅಟ್ಟಕ್ಕಲರಿ ಇದೆ. ಜಯಚಂದ್ರನ್ ಪಾಲಾಳಿ ಮತ್ತು ಗೆಳೆಯರು 1992ರಲ್ಲಿ ಕಟ್ಟಿದ್ದು. ಕಳರಿಪಯಟ್ಟು, ಭರತನಾಟ್ಯ, ಪಾಶ್ಚಾತ್ಯ ಸಮಕಾಲೀನ ನೃತ್ಯ ಎಲ್ಲವನ್ನೂ ಕೂಡಿಸಿ ತರಬೇತಿ ಕೊಟ್ಟರು. 2000ದಿಂದ ಎರಡು ವರ್ಷಕ್ಕೊಮ್ಮೆ ದೇಶ ವಿದೇಶದ ತಂಡಗಳನ್ನು ಕರೆಸಿ ನೃತ್ಯೋತ್ಸವ ನಡೆಸಿದರು. ನೃತ್ಯ ಸಂಯೋಜನೆಯೂ ಪದವಿ ಓದುವ ವಿಷಯ ಎಂದು ನಮ್ಮ ರಾಜ್ಯಕ್ಕೆ ತೋರಿಸಿದವರಲ್ಲಿ ಮಾಯಾ ರಾವ್ ಮುಖ್ಯರು. ಮಾಸ್ಕೋದಲ್ಲಿ ಅದನ್ನು ಕಲಿತು ಬಂದು, ಬೆಂಗಳೂರಿನಲ್ಲಿ ಕಥಕ್ ಮತ್ತು ನೃತ್ಯ ಸಂಯೋಜನೆಯ ಸಂಸ್ಥೆ ಕಟ್ಟಿದರು.

ಎಚ್ಚರಿಕೆಯ ಕಥೆಯೂ ಒಂದಿದೆ. ಬೆಂಗಳೂರಿನ ಹೊರಗೆ ಹೆಸರಘಟ್ಟದಲ್ಲಿ 1990ರಲ್ಲಿ ಪ್ರೋತಿಮಾ ಬೇಡಿ ಕಟ್ಟಿದ ನೃತ್ಯಗ್ರಾಮದಲ್ಲಿ ‘ವಸಂತ ಹಬ್ಬ’ ಎಂಬ ರಾತ್ರಿಯಿಡೀ ನಡೆಯುವ ಉತ್ಸವ ಇತ್ತು. ಸಾವಿರಾರು ಜನ ಬಯಲಲ್ಲಿ ಕೂತು ಬೆಳಗಿನವರೆಗೆ ನೃತ್ಯ, ಸಂಗೀತ ನೋಡುತ್ತಿದ್ದರು. 2004ರ ನಂತರ ಅದು ನಿಂತುಹೋಯಿತು. ಹಣ ಹೊಂದಿಸುವುದೇ ಕಷ್ಟವಾಗಿತ್ತು. ಅದೇ ನೃತ್ಯಗ್ರಾಮದ ಒಡಿಸ್ಸಿ ತಂಡ ಮಾತ್ರ ಇವತ್ತಿಗೂ ಕುಣಿಯುತ್ತಿದೆ, ನ್ಯೂಯಾರ್ಕಿನ ಜಾಯ್ಸ್ ಥಿಯೇಟರ್‌ನಂಥ ಕಡೆಯೂ ಹಲವು ಸಲ ಪ್ರದರ್ಶನ ಕೊಟ್ಟಿದೆ. ಜನ ಎಷ್ಟೇ ಸೇರಲಿ, ಖರ್ಚಿನ ದಾರಿ ಗೊತ್ತಿಲ್ಲದಿದ್ದರೆ ಹಬ್ಬ ನಿಲ್ಲುತ್ತದೆ. ದಿನಾ ತಾಲೀಮು ಮಾಡುವ ಸಣ್ಣ ತಂಡ ಉಳಿಯುತ್ತದೆ. ನಮ್ಮಂಥವರು ಕಲಿಯಬೇಕಾದ್ದು ಇದರಿಂದ ಹೆಚ್ಚು.

ಹೊಳಿ ಬಂತು

ನಮ್ಮ ಗುಂಪಿನಲ್ಲಿ ಎಂಟು ಜನ. ಐದು ಹುಡುಗರು, ಮೂವರು ಹುಡುಗಿಯರು. ಹೋದ ವರ್ಷ ಒಂದು ಕಾಲೇಜಿನ ಗ್ಯಾದರಿಂಗ್‌ಗೆ ಸಿನಿಮಾ ಹಾಡು ಬಿಟ್ಟು ಬೇರೆ ಏನಾದರೂ ಮಾಡೋಣ ಎಂದುಕೊಂಡೆವು. 2019ರ ಆಗಸ್ಟಿನ ನೆರೆ ನಮ್ಮೆಲ್ಲರ ನೆನಪಿನಲ್ಲಿತ್ತು. ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೇ ಏರಿದ್ದವು. ಕುಡಚಿ–ಉಗಾರ ಸೇತುವೆ ನೀರಲ್ಲಿತ್ತು. ನಾವು ಓದುತ್ತಿದ್ದ ಶಾಲೆಗಳು ಕಾಳಜಿ ಕೇಂದ್ರಗಳಾಗಿದ್ದವು. ಆಗ ನಾವೆಲ್ಲ ಹದಿನೈದು, ಹದಿನಾರರವರು.

ಹಾಡಿನ ಬದಲು ಕರಡಿ ಮಜಲಿನ ಬಡಿತ ಇಟ್ಟುಕೊಂಡೆವು. ಹೆಜ್ಜೆಗಳನ್ನು ಎಲ್ಲಿಂದಲೂ ತರಬೇಕಾಗಲಿಲ್ಲ. ಕತ್ತಲಲ್ಲಿ ದನದ ಹಗ್ಗ ಬಿಚ್ಚುವುದು, ತಲೆ ಮೇಲೆ ಟ್ರಂಕು ಹೊತ್ತು ಎದೆಮಟ್ಟದ ನೀರಲ್ಲಿ ನಡೆಯುವುದು, ಮುದುಕಿಯನ್ನು ಬೆನ್ನ ಮೇಲೆ ಹೊರುವುದು, ನೀರಿಳಿದ ಮೇಲೆ ಮನೆಯೊಳಗಿನ ಕೆಸರು ಗೋರುವುದು. ಹೊಳೆಗೆ ನೀಲಿ ತಾಡಪತ್ರಿ. ಇಬ್ಬರು ಎರಡೂ ತುದಿ ಹಿಡಿದು ಅಲುಗಿಸಿದರೆ ಅದು ಮಾಡುವ ಸಪ್ಪಳ ನೆರೆ ನೀರಿನ ಸಪ್ಪಳವೇ. ಹನ್ನೆರಡು ನಿಮಿಷದ ಆ ಕುಣಿತಕ್ಕೆ ‘ಹೊಳಿ ಬಂತು’ ಎಂದು ಹೆಸರಿಟ್ಟೆವು.

ಮೊದಲ ಎರಡು ನಿಮಿಷ ಸಿಳ್ಳೆ ಇದ್ದವು. ತಾಡಪತ್ರಿ ಬಿಚ್ಚಿದ ಮೇಲೆ ನಿಂತವು. ಮುಗಿದ ಮೇಲೆ ಮಗಳ ಕುಣಿತ ನೋಡಲು ಬಂದಿದ್ದ ಹೊಳೆಸಾಲಿನ ಊರಿನ ಹಿರಿಯರೊಬ್ಬರು ವೇದಿಕೆ ಹಿಂದೆ ಬಂದು, ‘ಮತ್ತ ಯಾವಾಗ ಮಾಡ್ತೀರಿ? ನಮ್ಮ ಮನಿಯವರನ್ನ ಕರಕೊಂಡು ಬರ್ತೇನಿ’ ಎಂದರು. ನಮ್ಮ ಹತ್ತಿರ ಹೇಳಲು ತಾರೀಖೂ ಇರಲಿಲ್ಲ, ಜಾಗವೂ ಇರಲಿಲ್ಲ. ಸುಮ್ಮನೆ ನಕ್ಕೆವು.

ಎರಡು ತಿಂಗಳ ನಂತರ ಒಂದು ಹಳ್ಳಿಯ ಜಾತ್ರೆಯಲ್ಲಿ ಅದನ್ನೇ ಇನ್ನೊಮ್ಮೆ ಮಾಡುವ ಅವಕಾಶ ಸಿಕ್ಕಿತು. ಅವತ್ತು ನಾನು ಕಲಿತದ್ದು ಮೂರು ವರ್ಷದ ಗ್ಯಾದರಿಂಗ್‌ಗಳಲ್ಲಿ ಕಲಿತಿರಲಿಲ್ಲ. ಮೊದಲ ಸಲ ನಮ್ಮ ಗಮನವೆಲ್ಲ ಹೆಜ್ಜೆ ತಪ್ಪದಿರುವುದರ ಮೇಲಿತ್ತು. ಎರಡನೇ ಸಲ ಹೆಜ್ಜೆ ಮೈಯಲ್ಲಿತ್ತು, ಹಾಗಾಗಿ ಒಬ್ಬರನ್ನೊಬ್ಬರು ನೋಡಲು ಆಯಿತು. ಮುದುಕಿಯನ್ನು ಹೊರುವ ಹುಡುಗ ಎರಡು ಬಡಿತ ಹೆಚ್ಚು ನಿಂತ. ಆ ಎರಡು ಬಡಿತದಲ್ಲಿ ಎದುರಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು. ನಾವು ಸೇರಿಸಿದ್ದು ಅಷ್ಟೇ. ಹತ್ತನೇ ಪ್ರಯೋಗದಲ್ಲಿ ಅದು ಎಲ್ಲಿಗೆ ಹೋದೀತು ಎಂದು ಯೋಚಿಸುತ್ತ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಷಾಢದ ಲೆಕ್ಕ

ಈಗ ಆ ಹನ್ನೆರಡು ನಿಮಿಷವನ್ನು ನಲವತ್ತಕ್ಕೆ ಬೆಳೆಸುತ್ತಿದ್ದೇವೆ. ಸೀಜನ್ ಯಾವಾಗ ಎಂಬ ಪ್ರಶ್ನೆಗೆ ಉತ್ತರ ಪಂಚಾಂಗದಲ್ಲೇ ಸಿಕ್ಕಿತು. ನಮ್ಮ ಐದೂ ತಾಲ್ಲೂಕು ಕೇಂದ್ರಗಳಲ್ಲಿ ಮಂಗಲ ಕಾರ್ಯಾಲಯಗಳಿವೆ. ಛಾವಣಿ, ಕುರ್ಚಿ, ವಿದ್ಯುತ್, ಶೌಚಾಲಯ, ವಾಹನ ನಿಲ್ಲಿಸಲು ಜಾಗ ಎಲ್ಲ ಇರುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಬಾಗಿಲು ಹಾಕಿರುತ್ತದೆ. ಕಬ್ಬಿನ ಕಟಾವೂ ಇಲ್ಲ. ಗ್ಯಾದರಿಂಗ್‌ಗಳ ಗದ್ದಲವೂ ಇಲ್ಲ. ನ್ಯೂಯಾರ್ಕಿನವರು ಸಭಾಭವನವನ್ನು ರಂಗಮಂದಿರ ಮಾಡಿದರೆ, ನಾವು ವರ್ಷಕ್ಕೆ ಒಂದು ತಿಂಗಳು ಕಾರ್ಯಾಲಯವನ್ನು ರಂಗಮಂದಿರ ಮಾಡಬಹುದಲ್ಲ! ಒಬ್ಬ ಮಾಲೀಕರನ್ನು ಕೇಳಿದೆ. ‘ಲೈಟ್ ಬಿಲ್ಲು, ಕಸ ಹೊಡೆಯುವ ಕೂಲಿ ಕೊಡ್ರಿ, ಸಾಕು’ ಎಂದರು.

ಬಿ.ಕಾಂ. ಓದಿದ್ದಕ್ಕೆ ಲೆಕ್ಕ ಹಾಕಿ ನೋಡಿದೆ. ಒಂದು ಊರಿಗೆ ಎರಡು ಸಂಜೆ, ಐದು ಊರಿಗೆ ಹತ್ತು ಪ್ರಯೋಗ. 50 ರೂಪಾಯಿ ಟಿಕೆಟ್‌ಗೆ 200 ಜನ ಬಂದರೆ ಒಂದು ಸಂಜೆಗೆ 10,000, ಹತ್ತಕ್ಕೆ ಒಂದು ಲಕ್ಷ. ಧ್ವನಿ, ಬೆಳಕು, ಟೆಂಪೊಗೆ ಸಂಜೆಗೆ 3,000ದಂತೆ 30,000. ಹಾಲ್ ಖರ್ಚು ಸಂಜೆಗೆ 1,000ದಂತೆ 10,000. ಉಳಿಯುವುದು 60,000. ಎಂಟು ನರ್ತಕರು, ಒಬ್ಬ ಕರಡಿ ಬಾರಿಸುವವರು, ಒಬ್ಬ ಸಹಾಯಕ ಸೇರಿ ಹತ್ತು ಜನಕ್ಕೆ ತಲಾ 6,000. ಇದು ಸಂಬಳ ಅಲ್ಲ ಎಂದು ನೀವು ನಗಬಹುದು. ಆದರೆ ಇದು ಶಾಲು, ಹಾರ, ಸ್ಮರಣಿಕೆಯೂ ಅಲ್ಲ. ಮುಂದಿನ ವರ್ಷ ಇದೇ ನೃತ್ಯಕ್ಕೆ ಹೊಸ ತಾಲೀಮಿನ ಖರ್ಚಿಲ್ಲ, ಹೊಸ ತಾಡಪತ್ರಿಯೂ ಬೇಡ. ಕೂಡಿದ್ದು ಮುಂದಿನ ನೃತ್ಯಕ್ಕೆ ಆಗುತ್ತದೆ.

ಕಷ್ಟಗಳೂ ಎದುರಿಗೇ ಇವೆ. 200 ಜನ ಬರದಿರಬಹುದು. ಆಷಾಢದ ಕೊನೆಗೆ ಹೊಳೆ ನಿಜವಾಗಿಯೇ ಏರಬಹುದು, ಹಾಗಾಗಿ ಹೊಳೆಯ ಹತ್ತಿರದ ಊರುಗಳನ್ನು ಮೊದಲ ವಾರಕ್ಕೇ ಇಟ್ಟಿದ್ದೇವೆ. ಎಲ್ಲಕ್ಕಿಂತ ದೊಡ್ಡದು ಹುಡುಗಿಯರ ಪ್ರಶ್ನೆ. ನಮ್ಮಲ್ಲಿ ಹೆಣ್ಣುಮಕ್ಕಳು ಪಿಯುಸಿವರೆಗೆ ಗ್ಯಾದರಿಂಗ್‌ನಲ್ಲಿ ಕುಣಿಯುತ್ತಾರೆ, ಆಮೇಲೆ ಬಿಡಿಸುತ್ತಾರೆ. ನಮ್ಮ ಗುಂಪಿನ ಮೂವರ ಮನೆಗೂ ನಾವು ಒಟ್ಟಾಗಿ ಹೋಗಿ ಕೂತೆವು. ಕುಣಿತ ಬೇಡ ಎಂದು ಯಾರೂ ನೇರ ಹೇಳಲಿಲ್ಲ. ‘ಎಲ್ಲಿ, ಎಷ್ಟು ಗಂಟಿಗೆ, ಯಾರ ಜೋಡಿ, ಎಷ್ಟು ರೊಕ್ಕ’ ಎಂದು ಕೇಳಿದರು. ಗ್ಯಾದರಿಂಗ್‌ನಲ್ಲಿ ಈ ನಾಲ್ಕಕ್ಕೂ ಉತ್ತರ ಇರುವುದಿಲ್ಲ. ಭಾಷಣಗಳು ಮುಗಿದ ಮೇಲೆ, ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ನಮ್ಮ ಸರದಿ. ಸೀಜನ್ ಆದರೆ ತಾರೀಖು ಮೊದಲೇ ಅಚ್ಚಾಗಿರುತ್ತದೆ. ಪ್ರಯೋಗ ಸಂಜೆ ಐದೂವರೆಗೆ, ಏಳರೊಳಗೆ ಮುಗಿಯುತ್ತದೆ, ಕೊನೆಯ ಬಸ್ಸು ಸಿಗುತ್ತದೆ. ಇಬ್ಬರ ಮನೆಯವರು ಒಪ್ಪಿದ್ದಾರೆ. ಮೂರನೆಯವಳ ಅಪ್ಪ ಮೊದಲ ಪ್ರಯೋಗ ನೋಡಿ ಹೇಳುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಅವಳು ತಾಲೀಮಿಗೆ ಬರುತ್ತಿದ್ದಾಳೆ, ಅವಳ ಜಾಗಕ್ಕೆ ನಾವು ಯಾರನ್ನೂ ಹುಡುಕಿಲ್ಲ.

ಕುಣಿಯುವ ಗೆಳೆಯರಿಗೆ

ಗೆಳೆಯರೇ, ಪರೀಕ್ಷೆಯ ಪುಸ್ತಕ ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಪುಸ್ತಕವೂ ತೆರೆದೇ ಇದೆ. ಬೆಳಿಗ್ಗೆ ಓದು, ಸಂಜೆ ತಾಲೀಮು. ಆದರೆ ಕುಣಿತದ ಕಡೆಯೂ ಅರ್ಜಿ ಹಾಕುವ ದಾರಿಗಳಿವೆ, ನಮ್ಮ ಕಡೆ ಅವು ಹೆಚ್ಚು ಜನಕ್ಕೆ ಗೊತ್ತಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ; ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. ಶಾಸ್ತ್ರೀಯ ನೃತ್ಯ ಮಾತ್ರವಲ್ಲ, ಜಾನಪದ ಕಲೆಗೂ ಅದರಲ್ಲಿ ಜಾಗ ಇದೆ. ಪಾರಿಜಾತ ಆಡುವ, ಕರಡಿ ಬಾರಿಸುವ ಮನೆಯ ಮಕ್ಕಳು ಇದನ್ನು ಗಮನಿಸಬೇಕು. ಅದೇ ಸಚಿವಾಲಯದ ಗುರು–ಶಿಷ್ಯ ಪರಂಪರೆ ಯೋಜನೆಯಲ್ಲಿ ತಂಡದ ಗುರುವಿಗೂ ಶಿಷ್ಯರಿಗೂ ತಿಂಗಳ ಗೌರವಧನ ಇದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಯುವಜನೋತ್ಸವದಲ್ಲಿ ಕುಣಿದು ಬಂದವರು ಆ ಪ್ರಮಾಣಪತ್ರ ಜೋಪಾನ ಮಾಡಿ, ಇಂಥ ಅರ್ಜಿಗಳ ಜೊತೆ ಲಗತ್ತಿಸಲು ಬೇಕಾಗುತ್ತದೆ.

ಕಲಿಸುವವರಿಗೆ ಒಂದು ಮಾತು. ಮುಂದಿನ ಡಿಸೆಂಬರ್‌ನಲ್ಲಿ ನೀವು ಕಟ್ಟುವ ಹತ್ತು ಹಾಡಿನಲ್ಲಿ ಒಂದನ್ನಾದರೂ ನಿಮ್ಮ ಊರಿನ ಕೆಲಸದಿಂದ ಕಟ್ಟಿ. ಬೀಡಿ ಕಟ್ಟುವ ಬೆರಳುಗಳಿವೆ, ಕಬ್ಬು ಕಡಿಯುವ ಗ್ಯಾಂಗಿನ ಬೆನ್ನುಗಳಿವೆ, ಪಂಢರಪುರಕ್ಕೆ ನಡೆಯುವ ದಿಂಡಿಯ ಕಾಲುಗಳಿವೆ. ಆ ಒಂದನ್ನು ಗ್ಯಾದರಿಂಗ್ ರಾತ್ರಿಯೇ ಮುಗಿಸಬೇಡಿ. ಬೇರೆ ಊರಿನ ಗುಂಪಿನ ಜೊತೆ ಅದಲುಬದಲು ಮಾಡಿ. ನಿಮ್ಮದನ್ನು ನಮ್ಮ ಊರಲ್ಲಿ ಆಡಿ, ನಮ್ಮದನ್ನು ನಿಮ್ಮ ಊರಲ್ಲಿ ಆಡುತ್ತೇವೆ. ಹಾಗೆ ಐದು ತಾಲ್ಲೂಕಿನ ಐದು ಗುಂಪುಗಳು ಸೇರಿದರೆ ಪ್ರತಿಯೊಂದಕ್ಕೂ ಐದೈದು ಪ್ರಯೋಗ ಸಿಗುತ್ತವೆ.

ನಮ್ಮ ಮೊದಲ ಆಷಾಢಕ್ಕೆ 200 ಕುರ್ಚಿ ತುಂಬುತ್ತವೋ 40 ತುಂಬುತ್ತವೋ ಈಗ ಹೇಳಲಾರೆ. ಟಿಕೆಟ್ಟಿನ ಹಿಂದೆ ಬಂದವರ ಹೆಸರು, ಊರು ಬರೆಸಿಕೊಳ್ಳಬೇಕೆಂದು ನಿರ್ಧರಿಸಿದ್ದೇವೆ. ಮರುವರ್ಷ ಅದೇ ತಾರೀಖಿಗೆ, ಅದೇ ಕಾರ್ಯಾಲಯದಲ್ಲಿ, ಅವರಲ್ಲಿ ಎಷ್ಟು ಜನ ಮತ್ತೆ ಬಂದರು ಎಂದು ಎಣಿಸಬೇಕು. ನಮಗೆ ಸೀಜನ್ ಇದೆಯೋ ಇಲ್ಲವೋ ಎಂಬುದು ಅವತ್ತು ಗೊತ್ತಾಗುತ್ತದೆ.